ಕೂಗದೆ ಬಿಟ್ಟ ಹೆಸರು

ಅವನ ಮುಖಕ್ಕಿಂತ ಅವನ ಎಡಮಂಡಿ ನನಗೆ ಚೆನ್ನಾಗಿ ಗೊತ್ತಿತ್ತು. ಮುಖವನ್ನು ಊರೆಲ್ಲ ನೋಡಿತ್ತು. ಹೊಸೂರು ಬಸ್ ಸ್ಟ್ಯಾಂಡಿನ ಎದುರು ದೊಡ್ಡ ಹೋರ್ಡಿಂಗಿನಲ್ಲಿ ಬರಿಮೈಯಲ್ಲಿ ತೋಳು ಕಟ್ಟಿಕೊಂಡು ನಿಂತಿದ್ದ, ಯಾವುದೋ ಪ್ರೋಟೀನ್ ಪೌಡರಿನ ಡಬ್ಬದ ಪಕ್ಕ. ಮಂಡಿಯನ್ನು ಬಲ್ಲವಳು ನಾನೊಬ್ಬಳೇ. ಚಿಪ್ಪಿನ ಒಳಬದಿಯಲ್ಲಿ ಹಳೆಯ ಗಾಯದ ಒಂದು ಗಂಟು, ಮಡಿಸಿದಾಗ ಬರುವ ಸಣ್ಣ ಸದ್ದು, ಮೋಡ ಕವಿದರೆ ಊದಿಕೊಳ್ಳುವ ಅದರ ಹಟ. ಅದನ್ನು ನಾನು ವರ್ಷಗಟ್ಟಲೆ ಮಗುವಿನ ಹಾಗೆ ಸಾಕಿದೆ. ಈಗ ಅದಕ್ಕೆ ನನ್ನ ಅಗತ್ಯವಿಲ್ಲ. ಅವನು ಆಟ ಬಿಟ್ಟ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಒಂದು ಕಡೆ ತನ್ನ ಹೆಸರು ಬರೆಯಿರಿ ಎಂದು ಅವನು ಕೇಳಿಕೊಂಡಿದ್ದ. ಅಲ್ಲಿ ಯಾರೂ ಬರೆಯಲಿಲ್ಲ. ಹಾಗಿರುವಾಗ ನಾನು ಇಲ್ಲಿ ಬರೆಯುವುದು, ಹೇಗೆ ಹೇಳಲಿ, ಡೀಸೆಂಟ್ ಅಲ್ಲ.

ನಾನು ಫಿಸಿಯೋಥೆರಪಿಸ್ಟ್. ಕೋಲಾರದ ಗಣಿ ಊರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿದೆ, ಕೃಷ್ಣಗಿರಿಯ ಒಂದು ಆಸ್ಪತ್ರೆಯಲ್ಲಿ ತಲೆ ನರೆಯುವವರೆಗೆ ದುಡಿದೆ, ಆಮೇಲೆ ಹೊಸೂರಿನ ಆಲಸನತ್ತಂನಲ್ಲಿ ನನ್ನ ಮನೆಯ ಮುಂದಿನ ರೂಮಿಗೆ ಒಂದು ಮಂಚ, ಒಂದು ಹೀಟ್ ಲ್ಯಾಂಪ್ ಹಾಕಿಕೊಂಡು ಕೂತೆ. ಫ್ಯಾಕ್ಟರಿಗಳಲ್ಲಿ ನಿಂತು ನಿಂತು ಸೊಂಟ ಹೋದವರು, ಮೆಷಿನ್ ಎಳೆದು ಭುಜ ಹೋದವರು, ಇಂಥವರೇ ನನ್ನ ಪೇಷೆಂಟುಗಳು. ಅವರ ನಡುವೆ ಒಂದು ದಿನ ಇವನು ಕುಂಟುತ್ತ ಬಂದ. ಕರೆತಂದವಳು ಅವನ ಸೋದರತ್ತೆ ನಂಜಮ್ಮ. ಉದ್ದನಪಲ್ಲಿಯ ಹತ್ತಿರದ ಹಳ್ಳಿಯವಳು. ತಾಯಿಯಿಲ್ಲದ ಅವನನ್ನು ಸಾಕಿದ್ದು ಅವಳೇ.

“ಅಮ್ಮಾ, ಇವ್ನ್ ಕಾಲ್ ಒಂದ್ ರಿಪೇರಿ ಮಾಡ್ಕೊಡಿ,” ಎಂದಳು, ಅವರೆಕಾಯಿ ಬುಟ್ಟಿಯನ್ನು ನನ್ನ ಬಾಗಿಲಲ್ಲಿ ಇಳಿಸುತ್ತ. “ಹಸ ಆಗಿದ್ರೆ ಸಂತೆಗೆ ಹೊಡ್ದ್‌ಬುಡ್ತಿದ್ದೆ. ಇವ್ನ್ನ ಯಾರ್ ಕೊಂಡ್ಕಂತಾರೆ?”

“ಕೊಂಡ್ಕಂತಾರೆ ಕಣತ್ತೆ. ಲೀಗ್‌ನಾಗೆ ಹರಾಜ್ ಹಾಕ್ತಾರೆ.”

“ಥೂ, ಮನುಸ್ರ್ನ ಹರಾಜ್ ಹಾಕ್ತಾರೇನ್ಲಾ? ಹಲ್ ಎಣ್ಸಿ ನೋಡ್ತಾರಾ?”

“ಮಂಡಿ ನೋಡ್ತಾರೆ. ಅದ್ಕೇ ಅಲ್ವಾ ಇಲ್ಲಿಗ್ ಬಂದಿರೋದು!”

ಮಲಗು ಎಂದರೆ ಅವನು ಮಲಗಲಿಲ್ಲ. ಮಂಚದ ಸುತ್ತ ಒಂದು ಸುತ್ತು ನೋಡಿದ. ಕಾಲು ಚಾಚಿದರೆ ಎದುರಿನ ಗೋಡೆಯಲ್ಲಿ ಮದರ್ ಮೇರಿಯ ಪಟ. “ಮೇಡಮ್, ಅಮ್ನೋರ್ ಕಡೆ ಕಾಲ್ ಹಾಕಾಕ್ ಆಗಾಕಿಲ್ಲ,” ಎಂದ. ನಾನು ತಲೆಯನ್ನು ಆ ಕಡೆ ಇಟ್ಟುಕೋ ಎಂದೆ. ಹಾಗಾದರೆ ಹೀಟ್ ಲ್ಯಾಂಪಿನ ವೈರು ಎಟುಕುವುದಿಲ್ಲ. ಕೊನೆಗೆ ಅವನೇ, ಆ ಕುಂಟು ಕಾಲಿನಲ್ಲೇ, ಕಬ್ಬಿಣದ ಮಂಚವನ್ನು ಎತ್ತಿ ಅಡ್ಡಕ್ಕೆ ತಿರುಗಿಸಿದ. ಇವತ್ತಿಗೂ ಅದು ಹಾಗೇ ಇದೆ. ಬಾಗಿಲು ಪೂರ್ತಿ ತೆರೆಯುವುದಿಲ್ಲ, ಪೇಷೆಂಟುಗಳು ಓರೆಯಾಗಿ ಒಳಗೆ ಬರಬೇಕು.

ಅವನು ಕಬಡ್ಡಿಯಲ್ಲಿ ಲೆಫ್ಟ್ ಕಾರ್ನರ್. ಎದುರಾಳಿ ಉಸಿರು ಕಟ್ಟಿಕೊಂಡು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳಗೆ ಬಂದರೆ, ಎಡ ಮೂಲೆಯಲ್ಲಿ ಕಾದಿದ್ದು ಅವನ ಕಣಕಾಲಿಗೆ ಬೀಳುವ ಕೆಲಸ. ನನಗೆ ಆ ಆಟ ಏನೂ ಗೊತ್ತಿರಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ನೆಟ್‌ಬಾಲ್ ಬಿಟ್ಟರೆ ಬೇರೆ ಆಟ ಲೇಡಿಲೈಕ್ ಅಲ್ಲ. ಒಂದು ಭಾನುವಾರ ಅವನೇ ಹಟ ಮಾಡಿ ಅವರೂರಿಗೆ ಕರೆದುಕೊಂಡು ಹೋದ. ಊರಾಚೆ ಗೋಮಾಳ, ಅದರ ಅಂಚಿಗೆ ರಾಗಿ ಹೊಲಗಳು, ನಡುವೆ ಸುಣ್ಣದ ಗೆರೆ ಎಳೆದ ಕೆಂಪು ಮಣ್ಣಿನ ಮೈದಾನ. ನನಗೊಂದು ಪ್ಲಾಸ್ಟಿಕ್ ಕುರ್ಚಿ. ಎದುರಾಳಿ ತಂಡ ಡೆಂಕಣಿಕೋಟೆಯದು.

ಆಟದ ನಡುವೆ ವಿಚಿತ್ರ ಒಂದು ನಡೆಯಿತು. ಎದುರಾಳಿ, ನನಗೆ ಕಂಡ ಮಟ್ಟಿಗೆ, ಯಾರನ್ನೂ ಮುಟ್ಟದೆ ವಾಪಸು ಓಡಿದ. ಅಂಪೈರ್ ಸುಮ್ಮನಿದ್ದ. ಆಗ ಇವನು ತನ್ನ ಕೈಯನ್ನು ತಾನೇ ಎತ್ತಿ, ಮೈದಾನದಿಂದ ಆಚೆ ನಡೆದುಬಿಟ್ಟ. ಓಡಿದವನ ಕಾಲಿನ ಹೆಬ್ಬೆರಳು ಇವನ ಪಾದಕ್ಕೆ ಸವರಿತ್ತಂತೆ. ಆ ಕಡೆಯ ಹಳ್ಳಿಗಳಲ್ಲಿ ಅದು ಪದ್ಧತಿ: ತಾಕಿದ್ದು ತಾಕಿಸಿಕೊಂಡವನಿಗೆ ಗೊತ್ತು, ಅವನೇ ಕೈ ಎತ್ತಬೇಕು. ಎತ್ತದವನನ್ನು ಮುಂದಿನ ಸಲ ಆಟಕ್ಕೆ ಕರೆಯುವುದಿಲ್ಲ.

“ಅಂಪೈರ್ ನೋಡಲಿಲ್ಲವಲ್ಲೋ,” ಎಂದೆ, ಹಿಂತಿರುಗುವಾಗ.

“ನಂಗ್ ಗೊತ್ತಾಯ್ತಲ್ಲ ಮೇಡಮ್. ಇನ್ನ್ ಅಂಪೈರ್‌ಗ್ಯಾಕ್ ತೊಂದ್ರೆ?”

ಕಾನ್ವೆಂಟಿನ ಅಸೆಂಬ್ಲಿ ನೆನಪಾಯಿತು. ಕಿಟಕಿ ಗಾಜು ಒಡೆದರೆ ಸಿಸ್ಟರ್ ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿ, ‘ಓನ್ ಅಪ್, ಗರ್ಲ್ಸ್!’ ಎನ್ನುತ್ತಿದ್ದರು. ಅಷ್ಟು ವರ್ಷದಲ್ಲಿ ಒಬ್ಬ ಹುಡುಗಿ ಕೈ ಎತ್ತಿದ್ದನ್ನೂ ನಾನು ಕಾಣೆ.

ದೊಡ್ಡ ಲೀಗಿಗೆ ಹೋದ ಮೇಲೂ ಅವನು ಈ ಚಾಳಿ ಬಿಡಲಿಲ್ಲ. ಒಂದು ಪಂದ್ಯದ ಕೊನೆಯ ಗಳಿಗೆ, ಟಿವಿಯಲ್ಲಿ ನಾನೇ ನೋಡುತ್ತಿದ್ದೆ. ಕ್ಯಾಮೆರಾಕ್ಕೂ ಕಾಣದ ಒಂದು ಸ್ಪರ್ಶಕ್ಕೆ ಇವನ ಕೈ ಮೇಲೆದ್ದಿತು. ತಂಡ ಸೋತಿತು. ಕೋಚ್ ತಲೆ ಚಚ್ಚಿಕೊಂಡರು. ಆದರೆ ಆ ತುಣುಕು ಎಲ್ಲರ ಫೋನಿನಲ್ಲೂ ಓಡಾಡಿತು, ಇವನು ಹೋರ್ಡಿಂಗ್ ಏರಿದ. ನಂಜಮ್ಮ ಮಾರ್ಕೆಟ್ಟಿಗೆ ಬಂದಾಗಲೆಲ್ಲ ಅದರ ಕೆಳಗೆ ನಿಂತು, “ಅಂಗಿ ಹಾಕ್ಕಳಾ ಅಂದ್ರೆ ಯಾವತ್ ಕೇಳ್ತಾನೆ,” ಎಂದು ಬೈಯುತ್ತಿದ್ದಳಂತೆ.

ಇನ್ನೊಂದು ಪಂದ್ಯ ಗೆದ್ದಾಗ ಒಬ್ಬಳು ಹುಡುಗಿ ಮೈಕ್ ಹಿಡಿದು, ನಿಮ್ಮ ಮುಂದಿನ ಗುರಿ ಏನು ಎಂದು ಕೇಳಿದಳು. ಇವನು ಬೆವರು ಒರೆಸಿಕೊಳ್ಳುತ್ತ, “ನಮ್ಮೂರ್ ಹೊಲ ಉಳ್ಸ್ಕಬೇಕು. ಫ್ಯಾಕ್ಟ್ರಿಗ್ ಬುಟ್‌ಕೊಡಾಕಿಲ್ಲ,” ಎಂದ. ಪಕ್ಕದಲ್ಲಿದ್ದ ಮ್ಯಾನೇಜರ್ ಒಂದು ಕ್ಷಣವೂ ತಡೆಯದೆ ಇಂಗ್ಲಿಷಿಗೆ ತಿರುಗಿಸಿದರು: ಅವನು ಈ ಗೆಲುವನ್ನು ತನ್ನ ಹಳ್ಳಿಯ ರೈತರಿಗೆ ಅರ್ಪಿಸುತ್ತಾನೆ. ಜನ ಚಪ್ಪಾಳೆ ತಟ್ಟಿದರು. ನಾನು ಸೋಫಾದಲ್ಲಿ ಕೂತು ನಕ್ಕುಬಿಟ್ಟೆ. ಆಗ ನಗು ಬಂದಿತ್ತು.

ವಿಷಯ ನಗುವಂಥದ್ದಾಗಿರಲಿಲ್ಲ. ಅವರ ಗೋಮಾಳ, ಅಂಚಿನ ಹೊಲಗಳು, ಮೈದಾನ ಎಲ್ಲ ಹೊಸ ಕಾರ್ಖಾನೆಗಳ ಜಾಗಕ್ಕೆ ಬೇಕೆಂದು ನೋಟೀಸು ಬಂದಿತ್ತು. ಇವನು ಸೀಸನ್ ಮುಗಿಸಿ ಬಂದವನೇ ಹಸಿರು ಟವೆಲ್ ಹೆಗಲಿಗೆ ಹಾಕಿಕೊಂಡು ಸಭೆಗಳಿಗೆ ಹೋದ. ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಬೈದು, ತಮಿಳಿನಲ್ಲಿ ಕೈ ಮುಗಿಯುವ ಭಾಷಣ. ತಂಡದವರು ಫೋನ್ ಮಾಡಿ, ನೋ ಪಾಲಿಟಿಕ್ಸ್, ಎಂದರು.

ಫ್ರಾಂಕ್ಲಿ, ನಾನೂ ಅದನ್ನೇ ಹೇಳಿದೆ. ಮಂಡಿಗೆ ಟೇಪ್ ಸುತ್ತುತ್ತ, “ನಿನಗೆ ಇರೋದು ಇನ್ನು ನಾಲ್ಕೈದು ಸೀಸನ್. ಮೊದಲು ಆಡು, ಮೈ ಬಾಯ್. ಹೋರಾಟ ಎಲ್ಲಿಗೂ ಓಡಿ ಹೋಗಲ್ಲ,” ಎಂದೆ.

“ಹೊಲ ಓಡೋಯ್ತದಲ್ಲ ಮೇಡಮ್,” ಎಂದ ಅವನು. ಆಮೇಲೆ ನಾನು ಬೇಜಾರಾದೆನೇನೋ ಎಂದು, “ನಿಮ್ ಟೇಪ್ ಬಾಳ ಚೆನ್ನಾಗೈತೆ,” ಎಂದು ಸೇರಿಸಿದ.

ರಸ್ತೆ ತಡೆ ಎಂದು ತೀರ್ಮಾನವಾದಾಗ ಹೆಂಗಸರು ಹೆದರಿದರು. ಅವರಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಕಂಡವರು ಯಾರೂ ಇಲ್ಲ. ಇವನು ಮನೆಮನೆಗೆ ಹೋಗಿ, “ನಾನ್ ಮುಂದ್ಗಡೆ ಕುಂತಿರ್ತೀನಿ. ಏನ್ ಬಂದ್ರೂ ಮೊದ್ಲು ನಂಗೇ ಬರೋದು,” ಎಂದು ಮಾತು ಕೊಟ್ಟ. ಆ ಮಾತನ್ನು ನಂಬಿ ಅವರು ಬಂದರು. ರಾಯಕೋಟೆ ರಸ್ತೆಗೆ ಹಸುಗಳನ್ನು ಅಡ್ಡ ಕಟ್ಟಿ, ಬಿಸಿಲಲ್ಲಿ ಕೂತರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಎಲ್ಲರನ್ನೂ ವ್ಯಾನಿಗೆ ಹತ್ತಿಸಿ ಒಂದು ಕಲ್ಯಾಣ ಮಂಟಪದಲ್ಲಿ ಕೂಡಿಹಾಕಿದರು. ನಮ್ಮ ಕಡೆ ಅದೇ ರೂಢಿ, ಸಾಯಂಕಾಲ ಬಿಟ್ಟುಬಿಡುತ್ತಾರೆ.

“ಮದ್ವೆ ಇಲ್ದೆ ಮಂಟಪ್ದಾಗೆ ಅನ್ನ ಸಾರು ಹಾಕಿದ್ರು ಕಣಮ್ಮ,” ಎಂದು ನಂಜಮ್ಮ ಆಮೇಲೆ ನನಗೆ ಹೇಳಿದಳು. “ಉಪ್ಪೇ ಇಲ್ಲ. ಇವ್ನ್ನ ಮಾತ್ರ ಪೊಲೀಸ್ನೋರು ಸುತ್ಕಂಡು ಫೋಟೋ ತೆಗ್ಸ್ಕಂತಾವ್ರೆ, ಮದ್ವೆ ಗಂಡಿನಂಗೆ.”

ಕೆಲವು ದಿನಗಳಲ್ಲಿ ಸಮನ್ಸು ಬಂತು. ಕೂತಿದ್ದ ಅಷ್ಟೂ ಜನರ ಮೇಲೆ ಕೇಸು. ನಂಜಮ್ಮನ ಮೇಲೂ. ಎಲ್ಲರಿಗಿಂತ ಮುಂದೆ ಕೂತಿದ್ದ ಇವನ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ.

ಯಾಕಿರಲಿಲ್ಲ ಎಂಬುದು ಅವನಿಗಿಂತ ಮೊದಲೇ ನನಗೆ ಗೊತ್ತಾಯಿತು. ಆ ಸ್ಟೇಷನ್ನಿನ ಇನ್ಸ್‌ಪೆಕ್ಟರು ಭುಜ ಹಿಡಿದುಕೊಂಡಿದೆ ಎಂದು ನನ್ನಲ್ಲಿಗೆ ಬರುತ್ತಿದ್ದರು. ತಮಿಳರು, ಕಷ್ಟಪಟ್ಟು ಕನ್ನಡ ಆಡುತ್ತಿದ್ದರು. ಹಳೆಯ ಕಬಡ್ಡಿ ಹುಚ್ಚು. ಅದೇ ಮಂಚದ ಮೇಲೆ ಕೂತು, ಕೈಯನ್ನು ರಾಟೆಯ ಹಗ್ಗಕ್ಕೆ ಕೊಟ್ಟು, ಗುಟ್ಟು ಹೇಳುವ ಹಾಗೆ ಹೇಳಿದರು: “ಆ ತಂಬಿ ಹೆಸರು ನಾನೇ ಬರೀಲಿಲ್ಲ ಮೇಡಮ್. ಕೇಸ್ ಬಿದ್ರೆ ಪಾಸ್‌ಪೋರ್ಟ್ ಪೋಚ್ಚು, ಇಂಡಿಯಾ ಟೀಮ್ ಪೋಚ್ಚು. ಅಂದಿನ ಮ್ಯಾಚ್ ನೋಡಿದ್ರಾ, ತಾನೇ ಕೈ ಎತ್ತಿದ್ನಲ್ಲ? ನಾನು ಅತ್ತುಬಿಟ್ಟೆ. ಅಂಥ ಹುಡುಗನ ಮೇಲೆ ಈ ಕೈಲಿ ಕೇಸ್ ಬರೀಲಾ?”

“ಥ್ಯಾಂಕ್ ಯು, ಸರ್. ಗಾಡ್ ಬ್ಲೆಸ್ ಯು,” ಎಂದೆ. ಮನಸ್ಸು ತುಂಬಿ ಎಂದೆ. ಅವತ್ತು ಅವರ ಭುಜಕ್ಕೆ ಸ್ವಲ್ಪ ಹೆಚ್ಚು ಹೊತ್ತೇ ಶಾಖ ಕೊಟ್ಟೆ. ಉಳಿದವರ ಹೆಸರು, ನಂಜಮ್ಮನ ಹೆಸರು, ಅದೇ ಕೈ ಬರೆದಿತ್ತು ಎಂಬುದು ನನ್ನ ತಲೆಗೆ ಆಗ ಹೊಳೆಯಲೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಒಬ್ಬ ಕಾರ್ನರ್, ನನಗೆ ಬೇಕಾಗಿದ್ದದ್ದು ಒಂದು ಮಂಡಿ. ಹುಡುಗನನ್ನು ಯಾರು ಕೇಳಿದೆವು?

ಅವನು ಆಮೇಲೆ ಬಂದಾಗ ಮಂಡಿ ಊದಿತ್ತು. ಐಸ್ ಇಟ್ಟ ಮೇಲೆ ತಾನೇ ಶುರು ಮಾಡಿದ.

“ಊರ್ನಾಗೆ ಯಾರೂ ಏನೂ ಅನ್ನಲ್ಲ ಮೇಡಮ್. ಟೀ ಅಂಗ್ಡಿಗ್ ಹೋದ್ರೆ ಬೆಂಚಿನ್ ಮ್ಯಾಲೆ ಜಾಗ ಬುಟ್‌ಕೊಡ್ತಾರೆ.”

“ಅದರಲ್ಲೇನು ತಪ್ಪು? ರೆಸ್ಪೆಕ್ಟ್!”

“ಮುಂಚೆ ನನ್ ತೊಡೆ ಮ್ಯಾಲೇ ಕುಂತ್ಕಂತಿದ್ರು. ಈಗ ಜಾಗ ಬುಡ್ತಾರೆ.” ಗೋಡೆ ಕಡೆ ತಿರುಗಿಕೊಂಡ. “ನಾನ್ ಒಳ್ಗೊಳ್ಗೇ ಮಾತಾಡ್ಕಂಡ್ ಹೆಸ್ರು ತೆಗ್ಸ್ಕಂಡೆ ಅಂತ ಅವ್ರ ಮನ್ಸ್ನಾಗೆ. ಕೇಸ್ ಐತೆ ಅಂತ ನಮ್ ಹುಡುಗ್ರ್ನ ಫ್ಯಾಕ್ಟ್ರಿಗಳಾಗೂ ಕೆಲ್ಸಕ್ ತಗಳ್ತಿಲ್ಲ. ಪೊಲೀಸ್ ಸರ್ಟಿಫಿಕೇಟ್ ಕೇಳ್ತಾರೆ. ನಾನ್ ಬಾ ಅಂದಿದ್ಕೆ ಬಂದೋರು ಅವ್ರು. ತಾಕ್ಸ್ಕಂಡ್ ಮ್ಯಾಲೂ ಗೆರೆ ಒಳ್ಗೇ ನಿಂತಂಗ್ ಐತೆ ಮೇಡಮ್ ನಂಗೆ.”

ನಾನು ಇನ್ಸ್‌ಪೆಕ್ಟರ ವಿಷಯ ಎತ್ತಲಿಲ್ಲ. ‘ಡೋಂಟ್ ಬಿ ಸಿಲ್ಲಿ,’ ಎಂದಷ್ಟೇ ಅಂದೆ. ಐಸ್ ಕರಗಿ ಹಾಸಿಗೆಯ ಮೇಲೆ ನೀರಾಯಿತು.

ಅವನು ನೇರ ಸ್ಟೇಷನ್ನಿಗೇ ಹೋದ. ನನ್ನ ಹೆಸರು ಸೇರಿಸಿ ಎಂದು ಕೇಳಿದ. ಇನ್ಸ್‌ಪೆಕ್ಟರು ಅವನಿಗೆ ಟೀ ತರಿಸಿಕೊಟ್ಟು, ಪೇದೆಗಳಿಗೆಲ್ಲ ಪರಿಚಯ ಮಾಡಿಸಿ, “ಹೋಗ್ ತಂಬಿ, ಪ್ರಾಕ್ಟೀಸ್ ಮಾಡು,” ಎಂದು ಬೆನ್ನು ತಟ್ಟಿ ಕಳಿಸಿದರು. ಎರಡನೆಯ ಸಲ ಹೋದಾಗಲೂ ಟೀ ಬಂತು. ವಕೀಲರನ್ನು ಕೇಳಿದ. ಆರೋಪಿ ಆಗುವುದಕ್ಕೆ ಅರ್ಜಿ ಹಾಕುವ ಮೊದಲ ಕ್ಲೈಂಟ್ ನೀನೇ ಎಂದು ಅವರು ನಕ್ಕರಂತೆ.

ಅಲ್ಲಿಂದ ಮೇಲೆ ಅವನು ಒಂದು ಕೆಲಸ ಹಿಡಿದ. ಡೆಂಕಣಿಕೋಟೆ ಕೋರ್ಟಿನಲ್ಲಿ ಯಾವತ್ತು ಕೇಸು ಕರೆದರೂ ಊರವರ ಜೊತೆ ಅದೇ ಬಸ್ಸಿನಲ್ಲಿ ಹೋಗುವುದು, ಅವರ ಜೊತೆ ಆವರಣದಲ್ಲಿ ಕೂರುವುದು, ಮುಂದಕ್ಕೆ ಹಾಕಿದರು ಎಂದರೆ ಅವರ ಜೊತೆ ವಾಪಸಾಗುವುದು. ತಂಡದ ಕ್ಯಾಂಪ್ ಶುರುವಾದ ದಿನವೇ ಒಂದು ಹಿಯರಿಂಗ್ ಬಿತ್ತು. ಅವನು ಬಸ್ಸು ಹತ್ತಿದ್ದು ಡೆಂಕಣಿಕೋಟೆಗೆ. ಮುಂದಿನ ಹರಾಜಿನಲ್ಲಿ ಅವನ ಹೆಸರನ್ನು ಯಾರೂ ಕೇಳಲಿಲ್ಲ. ಹೋರ್ಡಿಂಗಿನಲ್ಲಿ ಅವನ ಜಾಗಕ್ಕೆ ಒಂದು ಒಡವೆ ಅಂಗಡಿಯ ಮದುಮಗಳು ಬಂದಳು.

ಇನ್ಸ್‌ಪೆಕ್ಟರು ಕಾಪಾಡಲು ಹೊರಟದ್ದು ಕೊನೆಗೆ ಉಳಿಯಲಿಲ್ಲ, ನೋಡಿ. ಊರವರಿಗೂ ಅವನ ಮೇಲಿನ ಅನುಮಾನ ಪೂರ್ತಿ ಕರಗಲಿಲ್ಲ. “ಬತ್ತಾನೆ, ಕುಂತ್ಕಂತಾನೆ, ಹೋಯ್ತಾನೆ. ಅವ್ನಿಗೇನ್, ಹೆಸ್ರು ಕೂಗ್ತಾರೆ ಅನ್ನೋ ಭಯ ಇಲ್ವಲ್ಲ,” ಎಂದು ಯಾರೋ ಅಂದದ್ದನ್ನು ನಂಜಮ್ಮನೇ ನನಗೆ ಹೇಳಿದಳು. ಹೇಳಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ನಾನೂ ಒಂದಿನ ಅಂದ್‌ಬುಟ್ಟೆ ಕಣಮ್ಮ. ನೀವ್ ದೊಡ್ಡೋರಪ್ಪಾ, ನಿಮ್ಗ್ಯಾಕೆ ನಮ್ ಕೇಸು, ಅಂದೆ. ಅವತ್ತು ಉಂಡಿಲ್ಲ ಅವ್ನು.”

ನನ್ನಲ್ಲಿಗೆ ಕೊನೆಯ ಸಲ ಬಂದಾಗ ಮಂಚದ ಮೇಲೆ ಕೂರಲಿಲ್ಲ. ಬಾಗಿಲ ಸಂದಿಯಲ್ಲೇ ನಿಂತು, “ರಾಗಿ ಹೊಲ್ದಾಗ್ ಓಡಾಡಾಕೆ ಈ ಮಂಡಿ ಸಾಕು ಮೇಡಮ್,” ಎಂದ. ಮಂಚ ಮೊದಲಿನ ಹಾಗೆ ತಿರುಗಿಸಿಕೊಡಲಾ ಎಂದು ಕೇಳಿದ. ಬೇಡ ಎಂದೆ.

ಕಳೆದ ತಿಂಗಳು ಕೇಸಿನ ತೀರ್ಪು. ನಂಜಮ್ಮನಿಗೆ ಸೊಂಟ ಹಿಡಿದು ಬಸ್ಸು ಹತ್ತಲಾಗದು ಎಂದು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಚಿಕ್ಕ ಕೋರ್ಟು ಹಾಲು, ತಿರುಗುವ ಫ್ಯಾನು, ಒಳಗೆಲ್ಲ ನಮ್ಮವರೇ. ಗುಮಾಸ್ತ ಒಂದೊಂದೇ ಹೆಸರು ಕೂಗಿದ. ಒಬ್ಬೊಬ್ಬರೇ ಎದ್ದು ಕೈ ಮುಗಿದರು. ನಂಜಮ್ಮ ನನ್ನ ಭುಜ ಹಿಡಿದು ಎದ್ದು, “ಇವ್ನೀ ಸ್ವಾಮಿ!” ಎಂದು ಕೂಗಿದಳು, ಹೊಲದಿಂದ ಓಗೊಡುವ ಹಾಗೆ. ಸಾಕ್ಷಿ ಸಾಲದು, ಎಲ್ಲರನ್ನೂ ಬಿಟ್ಟಿದೆ ಎಂದು ಮ್ಯಾಜಿಸ್ಟ್ರೇಟ್ ಓದಿದರು. ಎಳೆಯ ವಯಸ್ಸಿನ ಹೆಣ್ಣುಮಗಳು, ಮುಖದಲ್ಲಿ ಕರುಣೆಯಿತ್ತು.

ಗುಮಾಸ್ತ ಕಾಗದ ಮಡಿಸಿದ. ಆಗ ಮ್ಯಾಜಿಸ್ಟ್ರೇಟರ ನೋಟ ಹಿಂದಿನ ಬಾಗಿಲಿಗೆ ಹೋಯಿತು. ಅಲ್ಲಿ ಅವನು ನಿಂತಿದ್ದ, ಬಲಗೈ ಮೇಲಕ್ಕೆತ್ತಿ.

“ನೀಂಗ ಯಾರು?” ಎಂದು ಅವರು ತಮಿಳಿನಲ್ಲಿ ಕೇಳಿದರು.

“ನಾನೂ ಇದ್ದೆ ಮೇಡಮ್. ಮುಂದ್ಗಡೆ ಕುಂತಿದ್ದೋನು ನಾನೇ.” ಗಾಬರಿಯಲ್ಲಿ ಅವನಿಗೆ ಬಂದದ್ದು ಕನ್ನಡ. ವಕೀಲರು ಎದ್ದು ತಮಿಳಿನಲ್ಲಿ ತಿಳಿಸಿ ಹೇಳಿದರು. ಮ್ಯಾಜಿಸ್ಟ್ರೇಟ್ ಫೈಲು ತಿರುವಿ ನೋಡಿ, ನಿಧಾನವಾಗಿ, ನಿಮ್ಮ ಹೆಸರೇ ಇದರಲ್ಲಿ ಇಲ್ಲ, ನಿಮ್ಮನ್ನು ನಾನು ಬಿಡುಗಡೆ ಮಾಡುವುದು ಹೇಗೆ, ಮನೆಗೆ ಹೋಗಿ, ಎಂದರು. ಯಾರೋ ನಕ್ಕರು. ಅವನ ಕೈ ಇನ್ನೂ ಮೇಲೆಯೇ ಇತ್ತು. ನಂಜಮ್ಮ ಸೊಂಟ ಹಿಡಿದುಕೊಂಡೇ ಅಲ್ಲಿಗೆ ನಡೆದು, “ಸಾಕು, ಇಳ್ಸ್ಲಾ ಮಗಾ,” ಎಂದು ಆ ಕೈಯನ್ನು ತಾನೇ ಹಿಡಿದು ಕೆಳಗಿಳಿಸಿದಳು.

ಹೊರಗೆ ಹುಣಸೆಮರದ ಕೆಳಗೆ ಸಂಭ್ರಮ. ಗೋಮಾಳದಲ್ಲಿ ಅರ್ಧಕ್ಕೆ ಬೇಲಿ ಬಿದ್ದಾಗಿತ್ತು, ಮೈದಾನ ಮಾತ್ರ ಉಳಿದಿತ್ತು. ಆದರೂ ಇವತ್ತಿಗೆ ಇದೇ ಗೆಲುವು. ಯಾರೋ ಲಾಡು ಹಂಚಿದರು. ಫೋಟೋ ಆಗಲಿ ಎಂದು ವಕೀಲರು, “ಕೇಸ್‌ನಲ್ಲಿ ಇದ್ದೋರೆಲ್ಲ ಸಾಲಾಗಿ ನಿಲ್ಲಿ,” ಎಂದರು. ಎಲ್ಲರೂ ನಿಂತರು. ಅವನು ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು, ಯಾರದೋ ಫೋನು ಕೈಗೆ ತೆಗೆದುಕೊಂಡ.

ಅವನಿಗೆ ಅವತ್ತಾದರೂ ಹೇಳಬೇಕೆಂದುಕೊಂಡೆ. ನಿನ್ನ ಹೆಸರು ಬಿಟ್ಟವರಿಗೆ ಥ್ಯಾಂಕ್ಸ್ ಹೇಳಿದವಳು ನಾನು ಎಂದು. ಬಾಯಿ ತೆರೆಯುವಷ್ಟರಲ್ಲಿ ನಂಜಮ್ಮ ನನ್ನ ರಟ್ಟೆ ಹಿಡಿದು ಎಳೆದಳು. “ಬನ್ನಿ ಅಮ್ಮಾ, ನೀವೂ ನಿಂತ್ಕಳಿ. ನೀವೂ ನಮ್ಮೋರೇ.” ನಾನು ಬೇಡ, ಬೇಡ ಎಂದೆ. ಅವಳ ಹಿಡಿತ ಬಿಗಿ. ಅವನು ಅದನ್ನು ಕಲಿತದ್ದು ಅವಳಿಂದಲೇ ಇರಬೇಕು.

ಮೊದಲ ಸಾಲಿನಲ್ಲಿ, ನಡುವೆ, ನನ್ನನ್ನು ನಿಲ್ಲಿಸಿದರು. ಕ್ರೀಮ್ ಸೀರೆ, ಕೈಯಲ್ಲಿ ಲಾಡು. ಎಲ್ಲರೂ ಫ್ರೇಮಿನೊಳಗೆ ಬರಲೆಂದು ಅವನು ಎಡಮಂಡಿ ಊರಿ ನೆಲಕ್ಕೆ ಕೂತ. ನೋವು ಮುಖದಲ್ಲಿ ಹಾದುಹೋದದ್ದನ್ನು ನಾನು ಕಂಡೆ. ಆಮೇಲೆ ಫೋನಿನ ಹಿಂದಿನಿಂದ ಅವನ ದನಿ ಬಂತು.

“ಮೇಡಮ್, ವಸಿ ನಗಿ.”

ನಕ್ಕೆ. ಆ ಫೋಟೋ ಈಗ ನನ್ನ ಫೋನಿನಲ್ಲಿದೆ.